ವೆಬ್ ಅಪ್ಲಿಕೇಶನ್‌ಗಳ ಭದ್ರತಾ ಲೋಪಗಳು: ನ್ಯೂಜಿಲೆಂಡಿನ ಪ್ರಕರಣಗಳ ಬೆಳಕಿನಲ್ಲಿ

ವೆಬ್ ಅಪ್ಲಿಕೇಶನ್ ಎಂದರೆ ಬ್ರೌಸರ್ ತೆರೆದು ಬಳಸುವ ತಂತ್ರಾಂಶ. ಬ್ಯಾಂಕ್ ಖಾತೆಯ ಪುಟ, ಸರ್ಕಾರಿ ಅರ್ಜಿ, ಆನ್‌ಲೈನ್ ಅಂಗಡಿ, ಶಾಲೆಯ ಶುಲ್ಕ ಕಟ್ಟುವ ತಾಣ ಎಲ್ಲವೂ ಈ ಜಾತಿಯವೇ. ಇದರ ಒಂದು ತುಂಡು ಸಂಸ್ಥೆಯ ಸರ್ವರ್‌ನಲ್ಲಿ ಕೆಲಸ ಮಾಡುತ್ತದೆ, ಇನ್ನೊಂದು ತುಂಡು ಯಾರದೋ ಫೋನಿನಲ್ಲಿ. ಆ ಎರಡನೆಯ ತುಂಡಿನ ಮೇಲೆ ಸಂಸ್ಥೆಗೆ ಹಿಡಿತವಿಲ್ಲ. ಫೋನ್ ಹಿಡಿದವರು ಮನಸ್ಸು ಮಾಡಿದರೆ ಅಲ್ಲಿಂದ ಏನನ್ನು ಬೇಕಾದರೂ ಕಳಿಸಬಹುದು. ಹೀಗೆ ಬಂದದ್ದನ್ನು ಪರೀಕ್ಷಿಸದೆ ಸರ್ವರ್ ನಂಬಿದಾಗ, ಅಥವಾ ಕೇಳಿದವರು ಯಾರೆಂದು ನೋಡದೆ ಉತ್ತರ ಕೊಟ್ಟಾಗ ಭದ್ರತಾ ಲೋಪ ಹುಟ್ಟುತ್ತದೆ. ಮುಂದೆ ಬರುವ ಬಹುಪಾಲು ಪ್ರಸಂಗಗಳು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ.

ಈ ವಿಷಯವನ್ನು ನ್ಯೂಜಿಲೆಂಡಿನ ಉದಾಹರಣೆಗಳಿಂದ ನೋಡುವುದಕ್ಕೆ ಕಾರಣವಿದೆ. ಸುಮಾರು 50 ಲಕ್ಷ ಜನರ ಆ ದೇಶದಲ್ಲಿ ಸರ್ಕಾರಿ ತಾಣವೊಂದು ಎಡವಿದರೆ ಸುದ್ದಿ ಒಂದೇ ದಿನದಲ್ಲಿ ಸಂಸತ್ತು ತಲುಪುತ್ತದೆ, ತನಿಖೆ ನಡೆಯುತ್ತದೆ, ವರದಿ ಸಾರ್ವಜನಿಕವಾಗುತ್ತದೆ. ಬೇರೆಡೆ 'ತಾಂತ್ರಿಕ ದೋಷ' ಎಂಬ ಎರಡು ಪದಗಳಲ್ಲಿ ಮುಗಿಯುವ ಕಥೆ ಅಲ್ಲಿ ವಿವರವಾಗಿ ಓದಲು ಸಿಗುತ್ತದೆ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಸಂಗ್ರಹಣೆ ಪೋರ್ಟಲ್‌ನಿಂದ ಗುತ್ತಿಗೆದಾರರ ಠೇವಣಿಯ ₹11.5 ಕೋಟಿ ಕದ್ದು ಹೋಯಿತು. ಆ ಪ್ರಕರಣದ ರಾಜಕೀಯದ ಬಗ್ಗೆ ನಮ್ಮ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಕೋಡ್‌ನ ಯಾವ ಸಾಲು ತಪ್ಪಿತ್ತು ಎಂಬುದು ಯಾವ ಡೆವಲಪರ್‌ಗೂ ಪಾಠವಾಗಲಿಲ್ಲ.

ಲೋಪಗಳ ಪಟ್ಟಿ

ಜಗತ್ತಿನಾದ್ಯಂತ ಡೆವಲಪರ್‌ಗಳು ಮೊದಲು ನೋಡುವುದು ಓವಾಸ್ಪ್ ಸಂಸ್ಥೆಯ 'ಟಾಪ್ ಟೆನ್' ಪಟ್ಟಿಯನ್ನು. 2001ರಲ್ಲಿ ಆರಂಭವಾದ ಈ ಸ್ವಯಂಸೇವಾ ಸಂಸ್ಥೆ ಮೊದಲ ಪಟ್ಟಿಯನ್ನು ಹೊರತಂದದ್ದು 2003ರಲ್ಲಿ. ಕೆಲವು ವರ್ಷಗಳಿಗೊಮ್ಮೆ ಪಟ್ಟಿಯನ್ನು ಪರಿಷ್ಕರಿಸಲಾಗುತ್ತದೆ. ಬಹುಕಾಲ ಮೊದಲ ಸ್ಥಾನದಲ್ಲಿದ್ದದ್ದು ಇಂಜೆಕ್ಷನ್, ಅಂದರೆ ಬಳಕೆದಾರರು ಕೊಟ್ಟ ಪಠ್ಯ ಆಜ್ಞೆಯಾಗಿ ಓಡುವುದು. 2021ರ ಪಟ್ಟಿಯಲ್ಲಿ ಅದು ಮೂರಕ್ಕೆ ಇಳಿದು, ಆಕ್ಸೆಸ್ ಕಂಟ್ರೋಲ್ ವೈಫಲ್ಯ, ಅಂದರೆ ಯಾರು ಏನನ್ನು ನೋಡಬಹುದು ಎಂಬ ಕಟ್ಟುಪಾಡು ಮುರಿಯುವುದು, ಮೊದಲ ಸ್ಥಾನಕ್ಕೆ ಏರಿತು. ಈ ಸಂಸ್ಥೆಯ ನ್ಯೂಜಿಲೆಂಡ್ ಶಾಖೆ 2009ರಿಂದ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ 'ಓವಾಸ್ಪ್ ನ್ಯೂಜಿಲೆಂಡ್ ಡೇ' ನಡೆಸುತ್ತ ಬಂದಿದೆ. ವೆಲ್ಲಿಂಗ್ಟನ್‌ನಲ್ಲಿ 2007ರಲ್ಲಿ ಶುರುವಾದ ಕಿವಿಕಾನ್, ಮುಂದೆ ಅದರ ಜಾಗಕ್ಕೆ ಬಂದ ಕವಾಯಿಕಾನ್, ಹ್ಯಾಕರ್‌ಗಳ ಜಾತ್ರೆಗಳೆಂದು ಹೆಸರಾದವು.

ಪಟ್ಟಿಗೆ ಒಂದು ಮಿತಿಯಿದೆ. ಹತ್ತನ್ನೂ ಬಾಯಿಪಾಠ ಮಾಡಿ ಸಂದರ್ಶನದಲ್ಲಿ ಒಪ್ಪಿಸುವವರು ಬೆಂಗಳೂರಿನಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ತಮ್ಮದೇ ಕೋಡ್‌ನಲ್ಲಿ ಅವುಗಳಲ್ಲಿ ಒಂದನ್ನು ಗುರುತಿಸುವುದು ಬೇರೆಯೇ ವಿದ್ಯೆ.

ಯಾರು ಏನನ್ನು ನೋಡಬಹುದು

ಆಕ್ಸೆಸ್ ಕಂಟ್ರೋಲ್ ಲೋಪದ ಅತಿ ಸರಳ ರೂಪ ಹೀಗಿರುತ್ತದೆ. ನಿಮ್ಮ ಅರ್ಜಿಯ ಪುಟ ತೆರೆದಾಗ ವಿಳಾಸಪಟ್ಟಿಯ ಕೊನೆಯಲ್ಲಿ 1041 ಎಂಬ ಸಂಖ್ಯೆ ಕಾಣುತ್ತದೆ. ಅದನ್ನು 1042 ಎಂದು ತಿದ್ದಿ ಎಂಟರ್ ಒತ್ತಿದರೆ ಇನ್ನೊಬ್ಬರ ಅರ್ಜಿ ತೆರೆದುಕೊಳ್ಳುತ್ತದೆ. ಲಾಗಿನ್ ಆಗಿದ್ದಾರೆಯೇ ಎಂದು ಸರ್ವರ್ ನೋಡಿತು, ಈ ಅರ್ಜಿ ಇವರದೇ ಎಂದು ನೋಡಲಿಲ್ಲ. ಲಾಗಿನ್ ಒಂದು ಪರೀಕ್ಷೆ, ಹಕ್ಕು ಇನ್ನೊಂದು ಪರೀಕ್ಷೆ. ಎರಡನೆಯದನ್ನು ಪ್ರತಿ ವಿನಂತಿಯಲ್ಲೂ ಸರ್ವರ್‌ನಲ್ಲೇ ಮಾಡಬೇಕು. ಪುಟದಲ್ಲಿ ಬಟನ್ ಮರೆಮಾಚಿದರೆ ಆಗುವುದಿಲ್ಲ. ಬಟನ್ ಕಾಣದಿದ್ದರೂ ಅದು ಕಳಿಸುವ ವಿನಂತಿಯನ್ನು ಕೈಯಾರೆ ಬರೆದು ಕಳಿಸಬಹುದು.

ಪಾತ್ರಗಳನ್ನು ತಪ್ಪಾಗಿ ಹಂಚಿದಾಗ ಇದೇ ಲೋಪ ಇನ್ನೂ ಅಪಾಯಕಾರಿಯಾಗುತ್ತದೆ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ ನಡೆದ ಹತ್ಯಾಕಾಂಡದ ನಂತರ ನ್ಯೂಜಿಲೆಂಡ್ ಸರ್ಕಾರ ಬಹುತೇಕ ಸೆಮಿ ಆಟೊಮ್ಯಾಟಿಕ್ ಬಂದೂಕುಗಳನ್ನು ನಿಷೇಧಿಸಿ, ಜನರಿಂದ ಅವನ್ನು ಹಣ ಕೊಟ್ಟು ಮರಳಿ ಪಡೆಯಲು ಮುಂದಾಯಿತು. ಮಾಲೀಕರು ಹೆಸರು, ವಿಳಾಸ, ಲೈಸೆನ್ಸ್ ವಿವರ, ಬಂದೂಕಿನ ವಿವರ, ಬ್ಯಾಂಕ್ ಖಾತೆಯನ್ನು ಪೊಲೀಸರ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಬೇಕಿತ್ತು. ಅದನ್ನು ಒದಗಿಸಿದ್ದು ಜರ್ಮನಿಯ ಸ್ಯಾಪ್ ಕಂಪನಿ. ಆ ವರ್ಷ ಡಿಸೆಂಬರ್ 2ರಂದು ಬಂದೂಕು ವ್ಯಾಪಾರಿಯೊಬ್ಬರು ಲಾಗಿನ್ ಆದಾಗ ಅವರಿಗೆ ಬೇರೆ ಮಾಲೀಕರ ವಿವರಗಳೂ ಕಂಡವು. ವ್ಯವಸ್ಥೆಯನ್ನು ಅಪ್‌ಡೇಟ್ ಮಾಡುವಾಗ 66 ವ್ಯಾಪಾರಿಗಳಿಗೆ ಇರಬೇಕಾದುದಕ್ಕಿಂತ ಹೆಚ್ಚಿನ ಅಧಿಕಾರ ಹೋಗಿತ್ತು. ಪೊಲೀಸರು ವ್ಯವಸ್ಥೆಯನ್ನು ಕೂಡಲೇ ಮುಚ್ಚಿದರು, ಕಂಪನಿ ತಪ್ಪು ತನ್ನದೆಂದು ಕ್ಷಮೆ ಕೇಳಿತು. ಯಾರ ಮನೆಯಲ್ಲಿ ಯಾವ ಬಂದೂಕಿದೆ ಎಂಬ ಪಟ್ಟಿ ಕಳ್ಳರ ಕೈ ಸೇರಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಯಾರೂ ಯಾವ ಬೀಗವನ್ನೂ ಒಡೆಯಲಿಲ್ಲ. ಹೊಸ ಆವೃತ್ತಿ ಬಿಡುವ ಮುನ್ನ 'ವ್ಯಾಪಾರಿ ಪಾತ್ರದಲ್ಲಿ ಲಾಗಿನ್ ಆದರೆ ಬೇರೆಯವರ ದಾಖಲೆ ಸಿಗಬಾರದು' ಎಂಬ ಒಂದು ಸ್ವಯಂಚಾಲಿತ ಪರೀಕ್ಷೆ ಓಡಿಸಿದರೆ ಇಂಥ ಲೋಪ ಅಲ್ಲೇ ಸಿಕ್ಕಿಬೀಳುತ್ತದೆ. 'ಸಿಗಬೇಕಾದದ್ದು ಸಿಗುತ್ತದೆಯೇ' ಎಂದು ಎಲ್ಲ ತಂಡಗಳೂ ಪರೀಕ್ಷಿಸುತ್ತವೆ. 'ಸಿಗಬಾರದ್ದು ಸಿಗುವುದಿಲ್ಲವೇ' ಎಂದು ಪರೀಕ್ಷಿಸುವವರು ಕಡಿಮೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸ್ಕೃತಿ ಮತ್ತು ಪರಂಪರೆ ಸಚಿವಾಲಯ ಇನ್ನೊಂದು ಬಗೆಯ ಪೇಚಿಗೆ ಸಿಲುಕಿತು. ಕ್ಯಾಪ್ಟನ್ ಕುಕ್ 1769ರಲ್ಲಿ ಆ ನಾಡಿನಲ್ಲಿ ಕಾಲಿಟ್ಟು 250 ವರ್ಷವಾದ ನೆನಪಿಗೆ ನಡೆದ 'ತುಯಿಯಾ 250' ಕಾರ್ಯಕ್ರಮದ ಹಡಗು ಯಾನಕ್ಕೆ ಯುವಜನರಿಂದ ಅರ್ಜಿ ಕರೆಯಲಾಗಿತ್ತು. ಅರ್ಜಿಯ ಜೊತೆ ಅಪ್‌ಲೋಡ್ ಮಾಡಿದ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಡ್ರೈವಿಂಗ್ ಲೈಸೆನ್ಸ್ ಪ್ರತಿಗಳು ಸರ್ವರ್‌ನ ತೆರೆದ ಫೋಲ್ಡರಿನಲ್ಲಿ ಬಿದ್ದಿದ್ದವು. ಗೂಗಲ್ ಹುಡುಕಾಟದಲ್ಲೇ ಸಿಗುತ್ತಿದ್ದವು. 302 ಜನರ ದಾಖಲೆಗಳು ಬಯಲಾದವು. ಅಪ್‌ಲೋಡ್ ಆದ ಫೈಲನ್ನು ವೆಬ್ ಸರ್ವರ್ ನೇರವಾಗಿ ಹಂಚುವ ಜಾಗದಲ್ಲಿ ಇಡಬಾರದು, ಪ್ರತಿ ಸಲ ಹಕ್ಕು ಪರೀಕ್ಷಿಸಿಯೇ ಕೊಡಬೇಕು ಎನ್ನುವುದು ಹಳೆಯ ನಿಯಮ. ಫೈಲಿನ ಹೆಸರು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯದಲ್ಲಿ ಅದನ್ನು ಮುರಿಯುತ್ತಾರೆ. ಸರ್ಚ್ ಎಂಜಿನ್‌ಗಳಿಗೆ ಹೆಸರು ಗೊತ್ತಾಗಲು ಒಂದು ಕೊಂಡಿ ಸಾಕು.

ಬಜೆಟ್ ಸೋರಿಕೆ, 2019

ನ್ಯೂಜಿಲೆಂಡಿನ ಅತಿ ಪ್ರಸಿದ್ಧ ಪ್ರಕರಣ ಇದು. ಮೇ 30ರಂದು ಬಜೆಟ್ ಮಂಡನೆಯಾಗಬೇಕಿತ್ತು. ಮೇ 28ರಂದೇ ವಿರೋಧ ಪಕ್ಷವಾದ ನ್ಯಾಷನಲ್ ಪಾರ್ಟಿಯ ನಾಯಕ ಸೈಮನ್ ಬ್ರಿಜಸ್ ಅದರ ಹಲವು ಅಂಕಿಗಳನ್ನು ಪತ್ರಕರ್ತರ ಮುಂದಿಟ್ಟರು. ಸಂಜೆ ಖಜಾನೆ ಇಲಾಖೆಯ ಕಾರ್ಯದರ್ಶಿ ಗೇಬ್ರಿಯಲ್ ಮಖ್ಲೂಫ್, ತಮ್ಮ ವ್ಯವಸ್ಥೆಯನ್ನು ಉದ್ದೇಶಪೂರ್ವಕವಾಗಿ, ಯೋಜಿತವಾಗಿ ಹ್ಯಾಕ್ ಮಾಡಲಾಗಿದೆ ಎಂದು ಪ್ರಕಟಿಸಿ ಪೊಲೀಸರಿಗೆ ವಿಷಯ ಒಪ್ಪಿಸಿದರು. ಮರುದಿನ ರೇಡಿಯೊದಲ್ಲಿ, ಚಿಲಕ ಹಾಕಿದ ಕೋಣೆಯ ಚಿಲಕದ ಮೇಲೆ 48 ಗಂಟೆಗಳಲ್ಲಿ 2,000 ಸಲ ದಾಳಿ ನಡೆಯಿತು ಎಂಬರ್ಥದ ಮಾತಾಡಿದರು.

ನಡೆದದ್ದು ಇಷ್ಟು. ಬಜೆಟ್ ದಿನ ಪುಟಗಳನ್ನು ಒಮ್ಮೆಗೇ ಬಿಡಲೆಂದು ಖಜಾನೆಯವರು ತಮ್ಮ ತಾಣದ ತದ್ರೂಪನ್ನು ಸಿದ್ಧಪಡಿಸಿಕೊಂಡಿದ್ದರು. ದಾಖಲೆಗಳು ಅಂತಿಮವಾದ ಹಾಗೆಲ್ಲ ಅದಕ್ಕೆ ಸೇರುತ್ತಿದ್ದವು. ತದ್ರೂಪು ಹೊರಗಿನವರಿಗೆ ತೆರೆದಿರಲಿಲ್ಲ. ಆದರೆ ತಾಣವನ್ನು ನಕಲು ಮಾಡುವಾಗ ಅದರ ಸೆಟ್ಟಿಂಗ್‌ಗಳೂ ನಕಲಾದವು. ಹುಡುಕಾಟದ ಇಂಡೆಕ್ಸ್ ಎಲ್ಲಿದೆ ಎಂಬ ಸೆಟ್ಟಿಂಗ್ ಕೂಡ. ಪರಿಣಾಮ, ಗುಟ್ಟಾಗಿದ್ದ ಪುಟಗಳ ಪಠ್ಯ ಸಾರ್ವಜನಿಕ ತಾಣದ ಇಂಡೆಕ್ಸಿಗೆ ಬಂದು ಕೂತಿತು. ಹಿಂದಿನ ವರ್ಷದ ಬಜೆಟ್ ದಾಖಲೆಯಲ್ಲಿದ್ದ ಪದಗುಚ್ಛವನ್ನು ಹುಡುಕುವ ಪಟ್ಟಿಯಲ್ಲಿ ಟೈಪ್ ಮಾಡಿದರೆ, ಫಲಿತಾಂಶದ ಕೆಳಗೆ ಹೊಸ ಬಜೆಟ್ಟಿನ ಒಂದೆರಡು ವಾಕ್ಯ ಕಾಣುತ್ತಿತ್ತು. ಕ್ಲಿಕ್ ಮಾಡಿದರೆ ಪುಟ ತೆರೆಯುತ್ತಿರಲಿಲ್ಲ, ಆದರೆ ಆ ಒಂದೆರಡು ವಾಕ್ಯದಲ್ಲೇ ಅಂಕಿ ಇರುತ್ತಿತ್ತು. ಒಂದೊಂದೇ ಇಲಾಖೆಯ ಹೆಸರು ಹಾಕುತ್ತ ಹೋದರೆ ಚೂರು ಚೂರಾಗಿ ಬಜೆಟ್ ಕೈಗೆ ಬರುತ್ತಿತ್ತು. 2,000 ದಾಳಿ ಎಂದದ್ದು ಈ 2,000 ಹುಡುಕಾಟಗಳನ್ನು. ಹುಡುಕಿದ ಮೂರು ಐಪಿ ವಿಳಾಸಗಳಲ್ಲಿ ಒಂದು ಸಂಸತ್ತಿನ ಕಚೇರಿಯದೇ ಆಗಿತ್ತು. ಇದರಲ್ಲಿ ಕಾನೂನುಬಾಹಿರವಾದದ್ದು ಕಾಣುತ್ತಿಲ್ಲ ಎಂದು ಪೊಲೀಸರು ತಿಳಿಸಿದ್ದನ್ನು ಖಜಾನೆ ಬಜೆಟ್ ದಿನದ ಬೆಳಗಿನ ಜಾವ ಪ್ರಕಟಿಸಿತು. ಬ್ರಿಜಸ್ ಅದೇ ದಿನ ತಾವು ಹುಡುಕಿದ ಬಗೆಯನ್ನು ಎಲ್ಲರೆದುರು ತೋರಿಸಿದರು.

ಜೂನ್ 27ರಂದು ಬಂದ ರಾಜ್ಯಸೇವಾ ಆಯುಕ್ತ ಪೀಟರ್ ಹ್ಯೂಸ್ ಅವರ ತನಿಖಾ ವರದಿ, ಕಾರ್ಯದರ್ಶಿಯ ನಡೆಯಲ್ಲಿ ರಾಜಕೀಯ ಪಕ್ಷಪಾತ ಕಾಣಲಿಲ್ಲ ಎಂದಿತು. ಆದರೆ ಮಾಧ್ಯಮದ ಮುಂದೆ ಅವರು ವಿಷಯವನ್ನು ಬಿಂಬಿಸಿದ ರೀತಿ ಸಮಂಜಸವಲ್ಲ, ಬೇರೆಯವರು ಏನೇ ಮಾಡಿರಲಿ ವೈಫಲ್ಯದ ಹೊಣೆಯನ್ನು ಅವರು ಬಹಿರಂಗವಾಗಿ ಹೊರಬೇಕಿತ್ತು ಎಂದೂ ಹೇಳಿತು.

ಡೆವಲಪರ್‌ಗೆ ಇಲ್ಲಿ ಮುಖ್ಯವಾದದ್ದು ರಾಜಕೀಯವಲ್ಲ. ಪುಟಕ್ಕೆ ಕಾವಲಿತ್ತು, ಪುಟದಿಂದ ತಯಾರಾದ ಇನ್ನೊಂದು ವಸ್ತುವಿಗೆ ಇರಲಿಲ್ಲ. ಹುಡುಕಾಟದ ಇಂಡೆಕ್ಸ್, ಕ್ಯಾಶ್, ಬ್ಯಾಕಪ್, ಲಾಗ್ ಫೈಲ್, ಇಮೇಲ್‌ಗೆ ಹೋಗುವ ಸಾರಾಂಶ, ಚಿತ್ರದ ಕಿರುರೂಪ ಎಲ್ಲವೂ ಮೂಲ ಮಾಹಿತಿಯ ಪ್ರತಿಗಳೇ. ಮೂಲಕ್ಕೆ ಇರುವ ಹಕ್ಕಿನ ನಿಯಮ ಇವಕ್ಕೆ ತಾನಾಗಿ ಅಂಟಿಕೊಳ್ಳುವುದಿಲ್ಲ. ಓವಾಸ್ಪ್ ಪಟ್ಟಿಯಲ್ಲಿ ಇಂಥದಕ್ಕೆ 'ತಪ್ಪು ಸಂರಚನೆ' ಎಂಬ ಪ್ರತ್ಯೇಕ ವಿಭಾಗವಿದೆ. ಹೆಸರು ಸಪ್ಪೆಯಾಗಿದೆ, ಕೆಲಸ ಕೆಡಿಸುವುದರಲ್ಲಿ ಇದು ಯಾವುದಕ್ಕೂ ಕಡಿಮೆಯಿಲ್ಲ.

ಇದಕ್ಕೂ ಏಳು ವರ್ಷ ಮೊದಲು, 2012ರ ಅಕ್ಟೋಬರ್‌ನಲ್ಲಿ, ಸಮಾಜ ಅಭಿವೃದ್ಧಿ ಸಚಿವಾಲಯದ ಕಿಯೋಸ್ಕ್ ಪ್ರಕರಣ ನಡೆದಿತ್ತು. ನಿರುದ್ಯೋಗಿಗಳು ಕೆಲಸ ಹುಡುಕಲೆಂದು ಕಚೇರಿಗಳಲ್ಲಿ ಇಟ್ಟಿದ್ದ ಸಾರ್ವಜನಿಕ ಕಂಪ್ಯೂಟರುಗಳಲ್ಲಿ ಮೈಕ್ರೋಸಾಫ್ಟ್ ಆಫೀಸಿನ 'ಫೈಲ್ ತೆರೆ' ಕಿಟಕಿಯಿಂದ ಸಚಿವಾಲಯದ ಒಳ ನೆಟ್‌ವರ್ಕಿನ ಫೈಲುಗಳಿಗೇ ದಾರಿಯಿದ್ದುದನ್ನು ಪತ್ರಕರ್ತ ಕೀತ್ ಇಂಗ್ ಬಯಲಿಗೆ ತಂದರು. ಅದು ವೆಬ್ ಅಪ್ಲಿಕೇಶನ್ ಅಲ್ಲವಾದರೂ ಲೋಪದ ಜಾತಿ ಒಂದೇ. 2011ರಲ್ಲೇ ಹೊರಗಿನ ಭದ್ರತಾ ಸಂಸ್ಥೆಯೊಂದು ಪರೀಕ್ಷೆ ನಡೆಸಿ ಎಚ್ಚರಿಸಿತ್ತೆಂದು ನಂತರ ಡೆಲಾಯ್ಟ್ ನಡೆಸಿದ ತನಿಖೆ ದಾಖಲಿಸಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ದೇಶದಾದ್ಯಂತ ಕಿಯೋಸ್ಕುಗಳನ್ನು ಆಮೇಲೆ ಮುಚ್ಚಲಾಯಿತು. ಭದ್ರತಾ ಪರೀಕ್ಷೆಯ ವರದಿ ತರಿಸಿಕೊಳ್ಳುವುದಕ್ಕೆ ಹಣ ಖರ್ಚು ಮಾಡಿ, ಅದನ್ನು ಓದಿ ಸರಿಪಡಿಸುವುದಕ್ಕೆ ಸಮಯ ಕೊಡದ ಸಂಸ್ಥೆಗಳು ಎಲ್ಲ ದೇಶಗಳಲ್ಲೂ ಇವೆ.

ಇಂಜೆಕ್ಷನ್: ಮಾತು ಆಜ್ಞೆಯಾದಾಗ

ಬಳಕೆದಾರರು ಕೊಟ್ಟ ಪಠ್ಯವನ್ನು ಡೇಟಾಬೇಸಿನ ಆಜ್ಞೆಯೊಳಗೆ ಹಾಗೇ ಅಂಟಿಸಿದರೆ, ಆ ಪಠ್ಯವೇ ಆಜ್ಞೆಯ ಭಾಗವಾಗಬಹುದು. ಇದು ಎಸ್‌ಕ್ಯೂಎಲ್ ಇಂಜೆಕ್ಷನ್. ಐರಿಶ್ ಮೂಲದ ಹೆಸರುಗಳು ಹೇರಳವಾಗಿರುವ ನ್ಯೂಜಿಲೆಂಡಿನಲ್ಲಿ ಇದನ್ನು ಕಂಡುಕೊಳ್ಳಲು ಹ್ಯಾಕರ್ ಬೇಕಿಲ್ಲ. ಓ'ಕಾನರ್ ಎಂಬ ಹೆಸರಿನವರು ಅರ್ಜಿ ತುಂಬಿದರೆ ಸಾಕು. ಡೇಟಾಬೇಸಿನ ಭಾಷೆಯಲ್ಲಿ ಆ ಒಂಟಿ ಉದ್ಧರಣ ಚಿಹ್ನೆ ಪಠ್ಯ ಮುಗಿಯಿತು ಎಂಬುದರ ಗುರುತು. 'ಓ' ಎಂಬಲ್ಲಿಗೆ ಹೆಸರು ಮುಗಿದು, 'ಕಾನರ್' ಎಂಬುದನ್ನು ಆಜ್ಞೆಯೆಂದು ಓದಹೊರಟ ಡೇಟಾಬೇಸ್ ದೋಷ ತೋರಿಸುತ್ತದೆ. ಅರ್ಜಿದಾರರಿಗೆ ಅದು ಕಿರಿಕಿರಿ. ಆ ಚಿಹ್ನೆಯ ನಂತರ ಬೇಕೆಂದೇ ಆಜ್ಞೆ ಬರೆಯುವವರಿಗೆ ಅದು ಹೆಬ್ಬಾಗಿಲು.

ಈ ತಂತ್ರದ ವಿವರಣೆ ಮೊದಲು ಅಚ್ಚಾದದ್ದು 1998ರ ಡಿಸೆಂಬರ್‌ನಲ್ಲಿ, ಫ್ರ್ಯಾಕ್ ಎಂಬ ಹ್ಯಾಕರ್ ಪತ್ರಿಕೆಯಲ್ಲಿ. ಪರಿಹಾರವೂ ಹಳೆಯದೇ: ಆಜ್ಞೆಯ ಚೌಕಟ್ಟನ್ನು ಮೊದಲು ಡೇಟಾಬೇಸಿಗೆ ಒಪ್ಪಿಸಿ, ಬಳಕೆದಾರರ ಪಠ್ಯವನ್ನು ಬೇರೆಯಾಗಿ ಕಳಿಸುವುದು. ಡೆವಲಪರ್‌ಗಳು ಇದನ್ನು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಚೌಕಟ್ಟು ಆಗಲೇ ನಿಗದಿಯಾಗಿರುವುದರಿಂದ ಪಠ್ಯದಲ್ಲಿ ಏನಿದ್ದರೂ ಅದು ಪಠ್ಯವಾಗಿಯೇ ಉಳಿಯುತ್ತದೆ. ಇಷ್ಟು ಸುಲಭದ ಮದ್ದಿರುವ ರೋಗ ಇಪ್ಪತ್ತು ವರ್ಷ ಕಳೆದರೂ ದೇಶದ ಕೇಂದ್ರ ಬ್ಯಾಂಕನ್ನೇ ತಟ್ಟಿತು.

ರಿಸರ್ವ್ ಬ್ಯಾಂಕ್ ಆಫ್ ನ್ಯೂಜಿಲೆಂಡ್ ಹೊರಗಿನ ಸಂಸ್ಥೆಗಳೊಂದಿಗೆ ದೊಡ್ಡ ಫೈಲುಗಳನ್ನು ವಿನಿಮಯ ಮಾಡಿಕೊಳ್ಳಲು ಅಮೆರಿಕದ ಆಕ್ಸೆಲಿಯನ್ ಕಂಪನಿಯ ಎಫ್‌ಟಿಎ ಎಂಬ ತಂತ್ರಾಂಶವನ್ನು ಬಳಸುತ್ತಿತ್ತು. ಅದು ಸುಮಾರು 20 ವರ್ಷ ಹಳೆಯ ಉತ್ಪನ್ನ. 2020ರ ಡಿಸೆಂಬರ್ ದಾಳಿಗಳಲ್ಲಿ ಬಳಕೆಯಾದ ಲೋಪ ಇದ್ದದ್ದು ಯಾವ ಅರ್ಜಿಯ ಖಾನೆಯಲ್ಲೂ ಅಲ್ಲ, ವಿನಂತಿಯ 'ಹೋಸ್ಟ್' ಹೆಡರ್‌ನಲ್ಲಿ. ಯಾವ ತಾಣಕ್ಕೆ ಹೋಗಬೇಕು ಎಂದು ಬ್ರೌಸರ್ ತಾನೇ ಬರೆದು ಕಳಿಸುವ ಸಾಲು ಅದು. ಬಳಕೆದಾರರು ಅದನ್ನು ಟೈಪ್ ಮಾಡುವುದಿಲ್ಲ, ಹಾಗಾಗಿ ಅದರಲ್ಲಿ ಕಿಡಿಗೇಡಿತನ ಇರಲಾರದು ಎಂದು ಹಿಂದೆಂದೋ ಕೋಡ್ ಬರೆದವರು ಭಾವಿಸಿರಬೇಕು. ದಾಳಿಕೋರರು ಅಲ್ಲಿಂದಲೇ ಡೇಟಾಬೇಸಿಗೆ ಇಳಿದು ಒಂದು ಕೀಲಿಯನ್ನು ಎತ್ತಿಕೊಂಡರು. ಅದರ ಬಲದಿಂದ ಸರ್ವರ್‌ನಲ್ಲಿ ಆಜ್ಞೆ ಓಡಿಸಿದರು. ಕೊನೆಗೆ ಫೈಲುಗಳನ್ನು ಪಟ್ಟಿಮಾಡಿ ಇಳಿಸಿಕೊಳ್ಳುವ ಪುಟ್ಟ ಪುಟವೊಂದನ್ನು ಅಲ್ಲೇ ನೆಟ್ಟರು. ಭದ್ರತಾ ಸಂಶೋಧಕರು ಅದಕ್ಕೆ ಡ್ಯೂಮೋಡ್ ಎಂದು ಹೆಸರಿಟ್ಟರು.

ಆಕ್ಸೆಲಿಯನ್ ಡಿಸೆಂಬರ್ 20ರಂದು ತಿದ್ದುಪಡಿ ಬಿಡುಗಡೆ ಮಾಡಿತ್ತು. ಬ್ಯಾಂಕಿನ ಮೇಲೆ ದಾಳಿಯಾದದ್ದು 25ರಂದು, ಕ್ರಿಸ್‌ಮಸ್ ದಿನ. ನಡುವೆ ಐದು ದಿನ ಇತ್ತು. ತಿದ್ದುಪಡಿಯ ಸುದ್ದಿ ತಿಳಿಸಬೇಕಿದ್ದ ಕಂಪನಿಯ ಇಮೇಲ್ ವ್ಯವಸ್ಥೆ ಕೆಲಸ ಮಾಡದ ಕಾರಣ ಬ್ಯಾಂಕಿಗೆ ಸೂಚನೆ ಮುಟ್ಟಲೇ ಇಲ್ಲ ಎಂದು ಕೆಪಿಎಂಜಿ ನಡೆಸಿದ ಪರಿಶೀಲನೆ ಕಂಡುಕೊಂಡಿತು. ಅದೇ ಪರಿಶೀಲನೆ ಬ್ಯಾಂಕನ್ನೂ ಬಿಡಲಿಲ್ಲ. ಫೈಲ್ ಕಳಿಸಲು ಮಾತ್ರ ಇದ್ದ ವ್ಯವಸ್ಥೆಯನ್ನು ಸಿಬ್ಬಂದಿ ಫೈಲ್ ಕೂಡಿಡುವ ಜಾಗವನ್ನಾಗಿ ಬಳಸಿದ್ದರು. ಕಳಿಸಿದ ಮೇಲೆ ಅಳಿಸಿದ್ದರೆ ಹೋಗುವುದು ಕಡಿಮೆಯಾಗುತ್ತಿತ್ತು. 2021ರ ಜನವರಿ 10ರಂದು ಬ್ಯಾಂಕ್ ಸುದ್ದಿಯನ್ನು ಬಹಿರಂಗಪಡಿಸಿತು, ಗವರ್ನರ್ ಏಡ್ರಿಯನ್ ಆರ್ ಕ್ಷಮೆ ಕೇಳಿದರು. ಸೆಪ್ಟೆಂಬರ್‌ನಲ್ಲಿ ಖಾಸಗಿತನ ಆಯುಕ್ತರು ಬ್ಯಾಂಕಿಗೆ ಅನುಸರಣಾ ನೋಟಿಸ್ ಕೊಟ್ಟರು. ಹೊಸ ಖಾಸಗಿತನ ಕಾಯ್ದೆಯಡಿ ಹೊರಟ ಮೊದಲ ನೋಟಿಸ್ ಅದು.

ಕ್ಲಾಪ್ ಎಂದು ಕರೆಯಲಾಗುವ ಸುಲಿಗೆ ಗುಂಪಿನ ಹೆಸರು ಈ ದಾಳಿಗಳ ಜೊತೆ ತಳುಕು ಹಾಕಿಕೊಂಡಿದೆ. 2023ರ ಮೇ ತಿಂಗಳಲ್ಲಿ ಅದೇ ಗುಂಪು ಮೂವಿಟ್ ಎಂಬ ಇನ್ನೊಂದು ಫೈಲ್ ವಿನಿಮಯ ತಂತ್ರಾಂಶದ ಮೂಲಕ ಜಗತ್ತಿನ ಸಾವಿರಾರು ಸಂಸ್ಥೆಗಳ ಮಾಹಿತಿ ದೋಚಿತು. ಅಲ್ಲಿಯೂ ಮೊದಲ ಬಾಗಿಲು ಎಸ್‌ಕ್ಯೂಎಲ್ ಇಂಜೆಕ್ಷನ್ನೇ.

ಇಂಜೆಕ್ಷನ್‌ಗೆ ಹೆದರಿ ಕೆಲವರು ತಪ್ಪು ಮದ್ದು ಹಚ್ಚುತ್ತಾರೆ: 'ಅನುಮಾನಾಸ್ಪದ' ಅಕ್ಷರಗಳನ್ನೇ ನಿಷೇಧಿಸುವುದು. ಇಂಗ್ಲಿಷಿನ 26 ಅಕ್ಷರಗಳನ್ನು ಮಾತ್ರ ಒಪ್ಪುವ ಅರ್ಜಿ ನಮೂನೆ ನ್ಯೂಜಿಲೆಂಡಿನಲ್ಲಿ ಓ'ಕಾನರ್‌ರನ್ನಷ್ಟೇ ಅಲ್ಲ, ಮಾವೋರಿ ಹೆಸರುಗಳನ್ನೂ ಹೊರಗಿಡುತ್ತದೆ. ಮಾವೋರಿ 1987ರಿಂದ ಅಲ್ಲಿನ ಅಧಿಕೃತ ಭಾಷೆ, ದೀರ್ಘ ಸ್ವರಗಳ ಮೇಲೆ ಅಡ್ಡಗೆರೆ ಹಾಕುವುದು ಅದರ ಬರವಣಿಗೆಯ ಕ್ರಮ. ಕನ್ನಡಕ್ಕೂ ಇದೇ ಪಾಡು. ಭದ್ರತೆಯ ಹೆಸರಿನಲ್ಲಿ ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತಗಳನ್ನು ಅಳಿಸುವ ತಾಣದಲ್ಲಿ 'ರ‍್ಯಾಂಕ್' ಎಂದು ಬರೆದರೆ ನಡುವಿನ ಜೋಡಕ ಮಾಯವಾಗಿ ಅರ್ಕಾವತ್ತು ಬಂದು ಕೂರುತ್ತದೆ. ಅಕ್ಷರ ಅಪಾಯಕಾರಿಯಲ್ಲ, ಅದನ್ನು ತಪ್ಪು ಜಾಗದಲ್ಲಿ ಆಜ್ಞೆಯಾಗಿ ಓದುವುದು ಅಪಾಯಕಾರಿ. ಹೆಸರನ್ನು ಹಾಗೇ ಸ್ವೀಕರಿಸಿ, ಡೇಟಾಬೇಸಿಗೆ ಹೋಗುವಾಗ ಒಂದು ಬಗೆಯಲ್ಲಿ, ಪುಟದಲ್ಲಿ ತೋರಿಸುವಾಗ ಇನ್ನೊಂದು ಬಗೆಯಲ್ಲಿ ಜೋಪಾನ ಮಾಡುವುದು ಸರಿಯಾದ ಕ್ರಮ.

ಪುಟದಲ್ಲಿ ನುಸುಳುವ ಸ್ಕ್ರಿಪ್ಟ್

ಪುಟದಲ್ಲಿ ತೋರಿಸುವಾಗ ಜೋಪಾನ ತಪ್ಪಿದರೆ ಆಗುವುದು ಕ್ರಾಸ್‌ಸೈಟ್ ಸ್ಕ್ರಿಪ್ಟಿಂಗ್. ಒಬ್ಬರು ತಮ್ಮ ಪರಿಚಯದ ಖಾನೆಯಲ್ಲಿ ಹೆಸರಿನ ಬದಲು ಜಾವಾಸ್ಕ್ರಿಪ್ಟ್ ಕೋಡ್ ಬರೆಯುತ್ತಾರೆ. ಇನ್ನೊಬ್ಬರು ಆ ಪುಟ ತೆರೆದಾಗ ಅವರ ಬ್ರೌಸರಿನಲ್ಲಿ, ಅವರ ಲಾಗಿನ್‌ನ ಅಧಿಕಾರದಲ್ಲಿ ಅದು ಓಡುತ್ತದೆ. 2005ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೈಸ್ಪೇಸ್ ತಾಣದಲ್ಲಿ ಸ್ಯಾಮಿ ಎಂಬ ಹುಳು ಹೀಗೆಯೇ ಒಂದು ದಿನದೊಳಗೆ 10 ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ಹರಡಿತು. ಈಗಿನ ಫ್ರೇಮ್‌ವರ್ಕ್‌ಗಳು ಪಠ್ಯವನ್ನು ತೋರಿಸುವ ಮುನ್ನ ತಾವಾಗಿ ನಿರುಪದ್ರವಿ ಮಾಡುತ್ತವೆ. ವೆಲ್ಲಿಂಗ್ಟನ್‌ನಲ್ಲಿ ಹುಟ್ಟಿ ನ್ಯೂಜಿಲೆಂಡ್ ಸರ್ಕಾರದ ಅನೇಕ ತಾಣಗಳಿಗೆ ಆಧಾರವಾದ ಸಿಲ್ವರ್‌ಸ್ಟ್ರೈಪ್ ಕೂಡ ಅಂಥದ್ದು. ಆದರೂ ಇಂಥ ವ್ಯವಸ್ಥೆಗಳಲ್ಲೂ ಈ ಜಾತಿಯ ಲೋಪಗಳು ಆಗಾಗ ಸಿಗುತ್ತಲೇ ಇವೆ. ಸಂಪಾದಕರು ಬರೆದ ಲೇಖನವನ್ನು ಅಲಂಕಾರ ಸಹಿತ ತೋರಿಸಬೇಕಾದಾಗ ಡೆವಲಪರ್ ಆ ಕಾವಲನ್ನು ಕೈಯಾರೆ ತೆಗೆಯುತ್ತಾರೆ. ಕೋಡ್ ಪರಿಶೀಲಿಸುವವರು ಮೊದಲು ಹುಡುಕಬೇಕಾದದ್ದು ಅಂಥ ಸಾಲುಗಳನ್ನು.

ಸ್ಕ್ರಿಪ್ಟನ್ನು ಬಳಕೆದಾರರೇ ತರಬೇಕೆಂದಿಲ್ಲ. ಹಣ ಪಾವತಿಸುವ ಪುಟದಲ್ಲಿ ಹೊರಗಿನ ಕೋಡ್ ಸೇರಿಕೊಂಡರೆ ಗ್ರಾಹಕರು ಕಾರ್ಡ್ ಸಂಖ್ಯೆ ಟೈಪ್ ಮಾಡುತ್ತಿದ್ದಂತೆ ಪ್ರತಿ ಬೇರೆಡೆಗೂ ಹೋಗುತ್ತದೆ. ಚಾರಣದ ಬಟ್ಟೆಬರೆ ಮಾರುವ ನ್ಯೂಜಿಲೆಂಡಿನ ಕಠ್ಮಂಡು ಕಂಪನಿ, 2019ರ ಜನವರಿ 8ರಿಂದ ಫೆಬ್ರವರಿ 12ರವರೆಗೆ ಅಪರಿಚಿತರು ತನ್ನ ತಾಣಕ್ಕೆ ಪ್ರವೇಶ ಪಡೆದಿದ್ದರು, ಚೆಕ್‌ಔಟ್ ಪುಟದಲ್ಲಿ ಗ್ರಾಹಕರು ತುಂಬಿದ ವೈಯಕ್ತಿಕ ಹಾಗೂ ಪಾವತಿ ವಿವರಗಳು ಅವರಿಗೆ ಸಿಕ್ಕಿರಬಹುದು ಎಂದು ಆ ಮಾರ್ಚ್‌ನಲ್ಲಿ ತಿಳಿಸಿತು. ಒಂದು ತಿಂಗಳಿಗೂ ಹೆಚ್ಚು ಕಾಲ ಅಂಗಡಿ ಎಂದಿನಂತೆ ನಡೆದಿತ್ತು. ಯಾವ ಮೂಲದ ಸ್ಕ್ರಿಪ್ಟ್ ಮಾತ್ರ ಓಡಬಹುದು ಎಂದು ಬ್ರೌಸರಿಗೆ ಹೇಳುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಇಂಥದಕ್ಕೆ ತಕ್ಕಮಟ್ಟಿನ ಅಡ್ಡಗಟ್ಟೆ.

ಉಳಿದ ಕೆಲವು

ಬೇರೆ ತಾಣದಿಂದ ಬಳಕೆದಾರರ ಹೆಸರಿನಲ್ಲಿ ಗುಟ್ಟಾಗಿ ವಿನಂತಿ ಕಳಿಸುವ ಸಿಎಸ್‌ಆರ್‌ಎಫ್ ಒಂದು ಕಾಲದಲ್ಲಿ ದೊಡ್ಡ ತಲೆನೋವಾಗಿತ್ತು. ಫ್ರೇಮ್‌ವರ್ಕ್‌ಗಳು ಪ್ರತಿ ಫಾರ್ಮಿಗೂ ಗುಟ್ಟಿನ ಟೋಕನ್ ಸೇರಿಸತೊಡಗಿದ ಮೇಲೆ ಅದು ಓವಾಸ್ಪ್‌ನ 2017ರ ಪಟ್ಟಿಯಲ್ಲಿ ಸ್ವತಂತ್ರ ಸ್ಥಾನ ಕಳೆದುಕೊಂಡಿತು. 2020ರಲ್ಲಿ ಕ್ರೋಮ್ ಕುಕೀಗಳ ಪೂರ್ವನಿಗದಿ ನಿಯಮವನ್ನು ಬಿಗಿಗೊಳಿಸಿದ ಬಳಿಕ ಇನ್ನಷ್ಟು ತಗ್ಗಿತು. ಅದಕ್ಕೆ ವಿರುದ್ಧವಾಗಿ ಎಸ್‌ಎಸ್‌ಆರ್‌ಎಫ್ ಮೇಲೆದ್ದಿತು. ಇಲ್ಲಿ ದಾಳಿಕೋರರು ಕೊಟ್ಟ ವಿಳಾಸಕ್ಕೆ ಸರ್ವರ್ ತಾನೇ ಹೋಗಿ ಬರುತ್ತದೆ. ಹೊರಗಿನವರಿಗೆ ಕಾಣದ ಒಳ ನೆಟ್‌ವರ್ಕ್ ಸರ್ವರ್‌ಗೆ ಕಾಣುತ್ತದಲ್ಲ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ 10 ಕೋಟಿಗೂ ಹೆಚ್ಚು ಜನರ ವಿವರ ಹೋದದ್ದು ಹೀಗೆ. ಆಕ್ಸೆಲಿಯನ್ ತಂತ್ರಾಂಶದಲ್ಲೂ ಆಮೇಲೆ ಇಂಥದೊಂದು ಲೋಪ ಸಿಕ್ಕಿತು.

ಪಾಸ್‌ವರ್ಡ್‌ಗಳ ವಿಷಯದಲ್ಲಿ ಹೊಸದೇನಿಲ್ಲ. ಅವನ್ನು ಹಾಗೇ ಇಡಬಾರದು, ಎಂಡಿ5ನಂತಹ ವೇಗದ ಹ್ಯಾಶ್‌ನಲ್ಲೂ ಇಡಬಾರದು, ಬೇಕೆಂದೇ ನಿಧಾನ ಮಾಡಿದ ಬಿಕ್ರಿಪ್ಟ್ ಅಥವಾ ಆರ್ಗಾನ್2 ಬಳಸಬೇಕು. ಬೇರೆಡೆ ಸೋರಿದ ಪಾಸ್‌ವರ್ಡ್‌ಗಳನ್ನು ತಂದು ಸಾವಿರಾರು ಖಾತೆಗಳ ಮೇಲೆ ಪ್ರಯೋಗಿಸುವುದನ್ನು ತಡೆಯಲು ಪ್ರಯತ್ನಗಳಿಗೆ ಮಿತಿ ಬೇಕು, ಎರಡನೆಯ ಹಂತದ ದೃಢೀಕರಣವೂ ಬೇಕು.

ತಾವು ಬರೆಯದ ಕೋಡ್‌ನಿಂದ ಬರುವ ಲೋಪಕ್ಕೆ ಲಾಗ್‌ಫೋರ್‌ಜೆ ಪ್ರಸಂಗ ಮಾದರಿ. ಲಾಗ್ ಬರೆಯುವ ಈ ಜಾವಾ ಲೈಬ್ರರಿ, ಲಾಗ್‌ಗೆ ಬಂದ ಪಠ್ಯದೊಳಗಿನ ವಿಳಾಸವನ್ನು ಓದಿ ಅಲ್ಲಿಂದ ಕೋಡ್ ತಂದು ಓಡಿಸಿಬಿಡುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಇದು ಹೊರಬಿದ್ದಾಗ, ದಾಳಿಗಳು ಈಗಾಗಲೇ ನಡೆಯುತ್ತಿವೆ ಎಂದು ಮೊದಲು ಎಚ್ಚರಿಸಿದ ರಾಷ್ಟ್ರೀಯ ಸಂಸ್ಥೆಗಳಲ್ಲಿ ನ್ಯೂಜಿಲೆಂಡಿನ ಸೈಬರ್ ತುರ್ತು ಸ್ಪಂದನಾ ತಂಡವಾದ ಸರ್ಟ್ ಒಂದು. ತಮ್ಮ ವ್ಯವಸ್ಥೆಯಲ್ಲಿ ಆ ಲೈಬ್ರರಿ ಇದೆಯೇ ಎಂಬುದೇ ಅನೇಕ ಸಂಸ್ಥೆಗಳಿಗೆ ಗೊತ್ತಿರಲಿಲ್ಲ. ಯಾವ ತಂತ್ರಾಂಶದಲ್ಲಿ ಯಾವ ಲೈಬ್ರರಿಯ ಯಾವ ಆವೃತ್ತಿ ಇದೆ ಎಂಬ ಪಟ್ಟಿ ಇಡುವ ಪದ್ಧತಿಗೆ ಆಮೇಲೆ ಒತ್ತು ಬಂತು.

2020ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡ್ ಷೇರು ವಿನಿಮಯ ಕೇಂದ್ರದ ವಹಿವಾಟು ನಾಲ್ಕು ದಿನ ಅಡ್ಡಿಗೊಂಡದ್ದನ್ನು ಈ ಸಾಲಿಗೆ ಸೇರಿಸುವವರಿದ್ದಾರೆ. ಅದು ವಿದೇಶದಿಂದ ಬಂದ ಡಿಡಾಸ್ ದಾಳಿ, ಅಂದರೆ ವಿನಂತಿಗಳ ಪ್ರವಾಹ. ಷೇರು ವ್ಯಾಪಾರದ ಎಂಜಿನ್ ಸರಿಯಾಗೇ ಇತ್ತು. ಆದರೆ ಕಂಪನಿಗಳ ಪ್ರಕಟಣೆ ತೋರಿಸುವ ವೆಬ್ ತಾಣ ಮುಳುಗಿತ್ತು, ಪ್ರಕಟಣೆ ಎಲ್ಲರಿಗೂ ಕಾಣದಿದ್ದರೆ ವಹಿವಾಟು ನಡೆಸುವಂತಿರಲಿಲ್ಲ. ಕೋಡ್‌ನ ಲೋಪವಲ್ಲ, ವಿನ್ಯಾಸದ ದೌರ್ಬಲ್ಯ ಎನ್ನಬಹುದು.

ಕಾನೂನು

ನ್ಯೂಜಿಲೆಂಡಿನ ಹೊಸ ಖಾಸಗಿತನ ಕಾಯ್ದೆ 2020ರ ಡಿಸೆಂಬರ್ 1ರಂದು, ರಿಸರ್ವ್ ಬ್ಯಾಂಕಿನ ಮೇಲೆ ದಾಳಿಯಾಗುವ ಕೆಲವೇ ವಾರಗಳ ಮೊದಲು ಜಾರಿಗೆ ಬಂತು. ಗಂಭೀರ ಹಾನಿ ಮಾಡಬಲ್ಲ ಸೋರಿಕೆಯನ್ನು ಆಯುಕ್ತರಿಗೂ ಬಾಧಿತರಿಗೂ ತಿಳಿಸುವುದು ಅದರಡಿ ಕಡ್ಡಾಯ. ಆಯುಕ್ತರ ಕಚೇರಿ 72 ಗಂಟೆಗಳೊಳಗೆ ಸುದ್ದಿ ನಿರೀಕ್ಷಿಸುತ್ತದೆ. ತಿಳಿಸದಿದ್ದರೆ 10,000 ಡಾಲರ್‌ವರೆಗೆ ದಂಡ. ದೊಡ್ಡ ಕಂಪನಿಗೆ ಆ ದಂಡ ಚಿಲ್ಲರೆ ಕಾಸು. ಭಾರತದಲ್ಲಿ ಇದೇ ಬಗೆಯ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಸೈಬರ್ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕೆನ್ನುತ್ತದೆ, ಆದರೆ ಆ ವರದಿ ಹೋಗುವುದು ಸರ್ಕಾರಕ್ಕೆ, ಮಾಹಿತಿ ಕಳೆದುಕೊಂಡ ಜನರಿಗಲ್ಲ. ಜನರಿಗೂ ತಿಳಿಸಬೇಕೆಂಬ ನಿಯಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ.

ಲೋಪ ಹುಡುಕಿದವರ ಸ್ಥಿತಿ ಅಷ್ಟು ನಿಚ್ಚಳವಲ್ಲ. ನ್ಯೂಜಿಲೆಂಡಿನ 1961ರ ಅಪರಾಧ ಕಾಯ್ದೆಯ 252ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆ ಪ್ರವೇಶಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ. ಪ್ರವೇಶಕ್ಕೆ ಅನುಮತಿ ಇದ್ದವರು ಅದನ್ನು ಬೇರೆ ಉದ್ದೇಶಕ್ಕೆ ಬಳಸಿದರೆ ಈ ಕಲಮು ಅನ್ವಯಿಸದು ಎಂಬ ಉಪಕಲಮೂ ಇದೆ. ಒಳ್ಳೆಯ ಉದ್ದೇಶದಿಂದ ಪರೀಕ್ಷಿಸಿದವರಿಗೆ ಪ್ರತ್ಯೇಕ ರಕ್ಷಣೆಯ ಮಾತು ಆ ಕಲಮಿನಲ್ಲಿಲ್ಲ. ಅಂಥವರು ಲೋಪವನ್ನು ಯಾರಿಗೆ, ಹೇಗೆ ತಿಳಿಸಬೇಕು ಎಂಬ ಮಾರ್ಗಸೂಚಿಯನ್ನು ನ್ಯೂಜಿಲೆಂಡ್ ಇಂಟರ್‌ನೆಟ್ ಟಾಸ್ಕ್ ಫೋರ್ಸ್ 2014ರಲ್ಲಿ ಪ್ರಕಟಿಸಿತು. 2017ರಲ್ಲಿ ಆರಂಭವಾದ ಸರ್ಟ್, ಹುಡುಕಿದವರ ಮತ್ತು ತಂತ್ರಾಂಶ ಕಂಪನಿಯ ನಡುವೆ ಮಧ್ಯಸ್ಥಿಕೆ ವಹಿಸುವ ಸೇವೆಯನ್ನೂ ಕೊಡತೊಡಗಿತು. 2023ರಲ್ಲಿ ಸರ್ಟನ್ನು ಗುಪ್ತಚರ ಸಂಸ್ಥೆಯಾದ ಜಿಸಿಎಸ್‌ಬಿಯ ಅಡಿಯಲ್ಲಿರುವ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರಕ್ಕೆ ಸೇರಿಸಲಾಯಿತು. ಲೋಪ ಕಂಡ ಸಾಮಾನ್ಯ ಡೆವಲಪರ್ ಈಗ ದೂರು ಹೊತ್ತು ಹೋಗಬೇಕಾದದ್ದು ಅಲ್ಲಿಗೆ.